ಮೂರೂಕಾಲು ಇಂಚಿನ ಚಾಕು, ನೂರಹದಿನೇಳು ಗೆರೆ

ನನ್ನ ದಿನಚರಿ ಪುಸ್ತಕವನ್ನು ಹಿಂದಿನಿಂದ ತೆರೆದರೆ ಬರೀ ಗೆರೆಗಳು. ನಾಲ್ಕು ಉದ್ದ ಗೆರೆ, ಅವುಗಳ ಮೇಲೊಂದು ಅಡ್ಡ ಗೆರೆ. ಹೀಗೆ ಐದೈದರ ಕಟ್ಟುಗಳು. ನಮ್ಮೂರು ಭಾನುವಳ್ಳಿಯಿಂದ ಹರಿಹರಕ್ಕೆ ಹೊರಡುವ ಬೆಳಗಿನ ಬಸ್ಸು ತಡವಾದ ದಿನಗಳಿಗೆ ಒಂದು ಪುಟ. ದಾವಣಗೆರೆ ವಿದ್ಯಾನಗರದ ನಮ್ಮ ಪಿ.ಜಿ.ಯಲ್ಲಿ ಬಿಸಿನೀರು ಬಂದ ದಿನಗಳಿಗೆ ಒಂದು ಪುಟ. ಅದು ಇನ್ನೂ ಅರ್ಧವೂ ತುಂಬಿಲ್ಲ. ಅವ್ವ ಫೋನು ಮಾಡಿ ಮೊದಲ ಮಾತಿಗೇ "ಉಂಡ್ಯಾ" ಎಂದು ಕೇಳದ ದಿನಗಳಿಗೆ ಇನ್ನೊಂದು. ಅದರಲ್ಲಿರುವುದು ಮೂರೇ ಗೆರೆ. ಎರಡು ಸಲ ಅವ್ವನ ಫೋನಿನಿಂದ ಮಾತಾಡಿದ್ದು ಅಪ್ಪ. ಮೂರನೆಯದರ ಕತೆ ಮುಂದೆ ಬರುತ್ತದೆ.

ಅವುಗಳ ನಡುವೆ ಒಂದು ಪುಟದ ತಲೆಬರಹ 'ಚಾಕು'. ಈ ಜನವರಿಯಲ್ಲಿ ಒಂದು ಸೋಮವಾರದಿಂದ ಬುಧವಾರದವರೆಗೆ ನನ್ನ ನೌಕರಿ ಆ ಪುಟದ ಮೇಲೆ ನಿಂತಿತ್ತು. ಆ ಮೂರು ದಿನ ನೆನಪಾದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಕೋಣೆಯೊಳಗೆ ಓಡಾಡುತ್ತೇನೆ. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಎಣಿಸಿ ಅಳೆದು ಉತ್ತರ ಹುಡುಕಬಹುದಾದ ಒಂದು ಪ್ರಶ್ನೆ ಮೊದಲ ಬಾರಿಗೆ ನನ್ನ ಪಾಲಿಗೇ ಬಂದಿತ್ತು. ಜೇಬಿನಲ್ಲಿ ಚಾಕು ಇಟ್ಟುಕೊಂಡರೆ ಆಯುಧ ಬಚ್ಚಿಟ್ಟುಕೊಂಡಂತೆಯೋ, ಅಲ್ಲವೋ?

ಆಗ ನಾನು ದಾವಣಗೆರೆಯ ಹೊರವಲಯದ ಒಂದು ಖಾಸಗಿ ಗೋದಾಮಿನಲ್ಲಿ ಮೆಕ್ಕೆಜೋಳ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಲಾರಿ ಬಂದ ಕೂಡಲೇ ಚೀಲಗಳ ಪಕ್ಕೆಗೆ ಒಂದು ಅಡಿ ಉದ್ದದ ಉಕ್ಕಿನ ಕೊಳವೆ ಚುಚ್ಚಿ ಕಾಳು ಹೊರತೆಗೆಯುವುದು, ಯಂತ್ರದಲ್ಲಿ ತೇವ ನೋಡುವುದು, ಬರೆಯುವುದು. ತೇವ ನೋಡಲು ಕೊಳವೆ ಸಾಕು. ಹುಳ ಅಥವಾ ಬೂಷ್ಟಿನ ಅನುಮಾನ ಬಂದರೆ ಮಾತ್ರ ಚೀಲದ ಬಾಯಿ ಹೊಲಿದ ಸುತಲಿ ಕತ್ತರಿಸಿ ಒಳಗೆ ಕೈ ಹಾಕಬೇಕು. ಸುತಲಿ ಕತ್ತರಿಸಲು ಹಮಾಲರ ಹತ್ತಿರ ಒಂದು ಕುಡುಗೋಲಿತ್ತು. ಪ್ರತಿ ಸಲ ಅದನ್ನು ಕೇಳಿದಾಗಲೂ ಒಬ್ಬರಾದರೂ "ಮೇಡಂ, ಯಾರ ಕುತ್ತಿಗಿಗೆ" ಎನ್ನುತ್ತಿದ್ದರು. ಆ ಮಾತಿಗೂ ಒಂದು ಪುಟ ಮಾಡಿದ್ದೆ. ನಲವತ್ತು ಗೆರೆಯಾದ ಮೇಲೆ ಸಾಕೆನಿಸಿತು.

ಆಗಸ್ಟ್ ಕೊನೆಯ ಶನಿವಾರ ಊರಿಗೆ ಹೋಗುವಾಗ ಹರಿಹರದಲ್ಲಿ ಇಳಿದು, ಹಳೇ ಪೇಟೆಯಲ್ಲಿ ಸಾಣೆ ಹಿಡಿಯುವ ಚಾಚಾನ ಹತ್ತಿರ ಹೋದೆ. ನಮ್ಮ ಮನೆಯ ಈಳಿಗೆಮಣೆ, ಕುಡುಗೋಲುಗಳಿಗೆಲ್ಲ ಸಾಣೆ ಹಿಡಿದವರು ಅವರೇ. ಜೇಬಿಗೆ ಹಿಡಿಯುವ ಚಾಕು ಬೇಕೆಂದೆ. ಯಾತಕ್ಕೆ ಎಂದು ಕೇಳಿದರು. ಹೇಳಿದೆ. ಮುರಿದ ಗರಗಸದ ಪಟ್ಟಿಯೊಂದನ್ನು ತೆಗೆದು, ಹುಣಸೆ ಕಟ್ಟಿಗೆಯ ಹಿಡಿ ಹಾಕಿ, ಮಡಚಲು ಬರುವಂತೆ ಮಾಡಿಕೊಡಲು ಒಂದು ವಾರ ತೆಗೆದುಕೊಂಡರು. ಮುಂದಿನ ಶನಿವಾರ ಹೋದಾಗ ತುದಿಯನ್ನು ತೋರಿಸಿದರು. ಅದು ಚೂಪಾಗಿರಲಿಲ್ಲ, ಬೆರಳಿನ ಉಗುರಿನಂತೆ ದುಂಡಗಿತ್ತು.

"ಸುತಲಿ ಕೊಯ್ಯಾಕೆ ಅಲಗು ಬೇಕು ಬೇಟಿ, ತುದಿ ಬ್ಯಾಡ. ತುದಿ ಚೂಪಾದ್ರೆ ಚೀಲ ತೂತಾಗಿ ಕಾಳು ಚೆಲ್ತೈತೆ. ಆಮ್ಯಾಲೆ ನಿಮ್ ಸಾಹುಕಾರ ನನ್ನ ಹುಡ್ಕೊಂಡು ಬರ್ತಾನೆ."

ನಾನು ಕೈ ಚಾಚಿದೆ. ಅವರು ಚಾಕುವನ್ನು ಗೋಣಿತಾಟಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

"ಎತ್ಕೋ. ಕೈಗೆ ಕೊಟ್ರೆ ನನಗೂ ನಿನಗೂ ಜಗಳ ಆತೈತೆ. ಜಗಳ ಆದ್ರೆ ಸಾಣೆಗೆ ನೀನು ಬ್ಯಾರೆ ಕಡೆ ಹೋಗ್ತೀಯ."

ಇದನ್ನು ಅವರು ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯಲ್ಲೂ ಚಾಕು, ಕತ್ತರಿ, ಉಪ್ಪು, ಮೆಣಸಿನಕಾಯಿ ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಚಿಕ್ಕವಳಿದ್ದಾಗ ಒಮ್ಮೆ ಮರೆತು ಅವ್ವನ ಅಂಗೈಗೇ ಕತ್ತರಿ ಕೊಟ್ಟಿದ್ದೆ. ಮಾರನೆಯ ದಿನ ಜಡೆ ಹಾಕುವಾಗ ನಮ್ಮಿಬ್ಬರಿಗೆ ಜಗಳವಾದದ್ದಕ್ಕೆ ಅವ್ವ ಇಂದಿಗೂ ಆ ಕತ್ತರಿಯನ್ನೇ ದೂರುತ್ತಾಳೆ. ಹಾಗಾಗಿ ಚಾಕು ಎಂದೊಡನೆ ನನ್ನ ಕೈ ತಾನಾಗಿ ಕೆಳಗೆ ಹೋಗುತ್ತದೆ. ಯೋಚನೆ ಮಾಡಿ ಮಾಡುವುದಲ್ಲ.

ಚಾಕುವಿಗೆ ಜಾಗ ಮಾಡಿದವಳೂ ಅವ್ವನೇ. ನನ್ನ ಚೂಡಿದಾರದ ಟಾಪುಗಳಿಗೆ ಜೇಬಿರಲಿಲ್ಲ. ಬಲಪಕ್ಕದ ಹೊಲಿಗೆ ಬಿಚ್ಚಿ, ಒಳಗಡೆ ಒಂದು ಪುಟ್ಟ ಚೀಲ ಹೊಲಿದಳು. ಐದು ಟಾಪಿಗೆ ಐದು ಒಳಜೇಬು.

ಅಂದಿನಿಂದ ಲೆಕ್ಕ ಶುರುವಾಯಿತು. ಚಾಕು ತೆರೆದಾಗಲೆಲ್ಲ ಒಂದು ಗೆರೆ, ಯಾವ ಕೆಲಸಕ್ಕೋ ಆ ಸಾಲಿನಲ್ಲಿ. ಒಂದು ಲಾರಿಯಲ್ಲಿ ಎಷ್ಟೇ ಚೀಲ ಬಿಚ್ಚಿದರೂ ಒಂದೇ ಗೆರೆ ಎಂದು ನಿಯಮ ಮಾಡಿಕೊಂಡೆ. ಇಲ್ಲದಿದ್ದರೆ ಪುಸ್ತಕವೇ ಸಾಲುತ್ತಿರಲಿಲ್ಲ.

ಡಿಸೆಂಬರಿನ ಎರಡನೇ ಶನಿವಾರ ಆ ಪುಟದಲ್ಲಿ ಒಂದು ತೊಡಕು ಬಂತು. ಸಂಜೆ ಐದರ ಹೊತ್ತಿಗೆ ಹರಿಹರದಿಂದ ಭಾನುವಳ್ಳಿಯ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು. ಸೀಟಿಗೂ ಕಿಟಕಿಗೂ ನಡುವಿನ ಸಂದಿನಿಂದ ಅವನ ಕೈ ನನ್ನ ಪಕ್ಕೆಗೆ ಬಂತು. ಮೊದಲ ಸಲ ನಾನು ಮುಂದಕ್ಕೆ ಸರಿದೆ. ಎರಡನೇ ಸಲ ತಿರುಗಿ ನೋಡಿದೆ; ಅವನು ಹೊರಗಿನ ಗದ್ದೆ ನೋಡುತ್ತಿದ್ದ. ಮೂರನೇ ಸಲ ಚೀಲದಿಂದ ಒಂದು ಪೇರಲ ಹಣ್ಣು ತೆಗೆದೆ, ಒಳಜೇಬಿನಿಂದ ಚಾಕು ತೆಗೆದೆ, ಸಂದಿನ ಪಕ್ಕದಲ್ಲೇ ಹಿಡಿದು ನಿಧಾನವಾಗಿ ಬಿಡಿಸಿದೆ. ಹಣ್ಣನ್ನು ನಾಲ್ಕು ಹೋಳು ಮಾಡಿ, ಎರಡನ್ನು ಅಜ್ಜಿಗೆ ಕೊಟ್ಟೆ. ಅವನ ಕೈ ಹಿಂದಕ್ಕೆ ಹೋಯಿತು. ಹಣ್ಣು ತಿಂದು ಮುಗಿದ ಮೇಲೂ ಊರು ಬರುವ ತನಕ ಚಾಕು ಮಡಚಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಮನೆಗೆ ಬಂದು ಪುಸ್ತಕ ತೆರೆದರೆ ಗೆರೆ ಎಲ್ಲಿ ಎಳೆಯಬೇಕೋ ತಿಳಿಯಲಿಲ್ಲ. 'ಹಣ್ಣು' ಎಂಬ ಸಾಲಿಗೆ ಹಾಕಿದರೆ ಸುಳ್ಳಾಗುತ್ತಿರಲಿಲ್ಲ. ಪೂರ್ತಿ ನಿಜವೂ ಆಗುತ್ತಿರಲಿಲ್ಲ. ಕೊನೆಗೆ ಕೆಳಗೆ ಹೊಸ ಸಾಲು ಮಾಡಿ 'ಗೊತ್ತಿಲ್ಲ' ಎಂದು ಬರೆದು ಒಂದು ಗೆರೆ ಎಳೆದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಪೇರಲ. ಹಿಂದಿನ ಸೀಟಿನ ಕೈ. ಹಣ್ಣು ಮುಗಿದ ಮೇಲೂ ಮಡಚಲಿಲ್ಲ.

ಜನವರಿಯಲ್ಲಿ ನನ್ನ ಬದುಕಿನ ದೊಡ್ಡ ಸುದ್ದಿ ಬಂತು. ಸರ್ಕಾರಿ ಉಗ್ರಾಣದಲ್ಲಿ ಧಾನ್ಯ ಪರೀಕ್ಷಕಿಯ ಕೆಲಸಕ್ಕೆ ನಾನು ಆಯ್ಕೆಯಾಗಿದ್ದೆ. ಅರ್ಜಿ ಹಾಕಿದ್ದು ಇದು ಐದನೇ ಸಲ. ಒಂದೇ ಒಂದು ಕಾಗದ ಬಾಕಿ ಇತ್ತು: ನನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರು ಬರೆದುಕೊಡಬೇಕು. ಅದು ಹರಿಹರದ ಠಾಣೆಗೆ ಹೋಗಿತ್ತು. ಶುಕ್ರವಾರದೊಳಗೆ ಅದು ಮುಟ್ಟದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿನವರಿಗೆ ಕೆಲಸ ಹೋಗುತ್ತದೆ.

ಆ ವಾರದ ಸೋಮವಾರ ಬೆಳಿಗ್ಗೆ ಏಳು ಐವತ್ತಕ್ಕೆ ಊರಿನ ಬಸ್ಸಿನಿಂದ ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದೆ. ಹಿಂದಿನ ದಿನ ಹುಡುಗರ ಎರಡು ಗುಂಪು ಹೊಡೆದಾಡಿಕೊಂಡಿದ್ದವಂತೆ. ಪೊಲೀಸರು ಎಲ್ಲರ ಚೀಲ ನೋಡುತ್ತಿದ್ದರು. ದಾವಣಗೆರೆ ಬಸ್ಸಿಗೆ ಹೋಗುವ ದಾರಿಯಲ್ಲಿ ಒಬ್ಬ ಕಾನ್‌ಸ್ಟೆಬಲ್, ಪಕ್ಕದಲ್ಲಿ ಲೋಹ ಹುಡುಕುವ ಕೋಲು ಹಿಡಿದ ಒಬ್ಬರು ಹೆಡ್ ಕಾನ್‌ಸ್ಟೆಬಲ್ ಮೇಡಂ. ಕಾನ್‌ಸ್ಟೆಬಲ್ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಟೋಪಿ ಇನ್ನೂ ಹೊಸದು. ಮಾತು ಮೈಸೂರು ಕಡೆಯದು. ನನ್ನ ಚೀಲಕ್ಕೆ ಕೈ ಹಾಕಿ ಉಕ್ಕಿನ ಕೊಳವೆ ಹೊರಗೆಳೆದರು. ಅದರ ತುದಿ ಈಟಿಯಂತಿದೆ.

"ಏನಿದು?"

"ಚೀಲಕ್ಕೆ ಚುಚ್ಚಿ ಮೆಕ್ಕೆಜೋಳ ತಗ್ಯೋದ್ರಿ."

"ಹೂಂ" ಎಂದು ಅದನ್ನು ವಾಪಸ್ ಚೀಲಕ್ಕೆ ಹಾಕಿದರು.

ಅಷ್ಟರಲ್ಲಿ ಮೇಡಂ ಕೋಲು ನನ್ನ ಬಲಪಕ್ಕಕ್ಕೆ ಬಂದು ಕುಂಯ್ ಎಂದಿತು. "ಏನೈತಮ್ಮ ಒಳಗ?" ಎಂದರು. "ಚಾಕು ಐತ್ರಿ" ಎಂದೆ. ಸುಳ್ಳು ಹೇಳಬೇಕೆಂದು ತಲೆಗೇ ಬರಲಿಲ್ಲ. "ಅವ್ರಿಗೆ ಕೊಡು" ಎಂದು ಮೇಡಂ ನನ್ನ ಹಿಂದಿದ್ದ ಹೆಂಗಸಿನ ಕಡೆ ತಿರುಗಿದರು.

ಚಾಕು ಹೊರತೆಗೆದೆ. ಕಾನ್‌ಸ್ಟೆಬಲ್ ಕೈ ಚಾಚಿ "ಕೊಡಿ ಇಲ್ಲಿ" ಎಂದರು. ನಾನು ಬಗ್ಗಿ, ಚಾಕುವನ್ನು ಅವರ ಬೂಟಿನ ಮುಂದೆ ನೆಲದ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡೆ.

"ಏಯ್, ಯಾಕೆ ಎಸೆದ್ರಿ? ನಿಮ್ಮದಲ್ಲ ಅಂತ ಹೇಳೋಕಾ?"

"ನಂದೇ ರೀ."

"ನಿಮ್ಮದಾದ್ರೆ ಕೆಳಕ್ಕೆ ಯಾಕೆ ಹಾಕಿದ್ರಿ?"

ಅಷ್ಟು ಜನರ ಮುಂದೆ, ನಿಮ್ಮ ಜೊತೆ ಜಗಳ ಆಗಬಾರದು ಅಂತ ಕೆಳಗಿಟ್ಟೆ ಎಂದು ಹೇಗೆ ಹೇಳುವುದು? ಜಗಳ ಆಗಲೇ ಶುರುವಾಗಿತ್ತು.

ನಿಲ್ದಾಣದ ಮೂಲೆಯ ಪುಟ್ಟ ಕೋಣೆಯಲ್ಲಿ ಅವರು ಒಂದು ಹಾಳೆಯ ಮೇಲೆ ಬರೆದರು. ಲಾರಿಯವರ ಚೀಟಿಗಳನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿ ನನಗೆ ರೂಢಿ. ಓದಿದೆ: 'ಒಳಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಚಾಕುವನ್ನು, ಪೊಲೀಸರನ್ನು ಕಂಡು ನೆಲಕ್ಕೆ ಎಸೆದಿರುತ್ತಾರೆ.' ಸಹಿ ಹಾಕಿ ಎಂದರು. ಎಸೆದಿಲ್ಲ, ಹಾಕುವುದಿಲ್ಲ ಎಂದೆ. ಅವರೇನೂ ಕೂಗಾಡಲಿಲ್ಲ. ಚಾಕುವನ್ನು ಪೇಪರಿನಲ್ಲಿ ಸುತ್ತಿ, ನನ್ನ ಫೋನ್ ನಂಬರು ಬರೆದುಕೊಂಡರು. "ಬುಧವಾರ ಹನ್ನೊಂದಕ್ಕೆ ಠಾಣೆಗೆ ಬನ್ನಿ. ಕೇಸು ಮಾಡೋದೋ ಬಿಡೋದೋ ಸಾಹೇಬ್ರು ನೋಡ್ತಾರೆ."

ದಾವಣಗೆರೆ ಬಸ್ಸಿನಲ್ಲಿ ಕೂತ ಮೇಲೆ ಮೊದಲು ಮಾಡಿದ್ದು ಲೆಕ್ಕ. ಬುಧವಾರದಿಂದ ಶುಕ್ರವಾರಕ್ಕೆ ಎರಡು ದಿನ. ಕೇಸಾದರೆ ಶುಕ್ರವಾರದ ಕಾಗದವಿಲ್ಲ, ಕಾಗದವಿಲ್ಲದಿದ್ದರೆ ಕೆಲಸವಿಲ್ಲ. ಎರಡನೆಯದಾಗಿ, ಚೀಲದಲ್ಲಿದ್ದ ಈಟಿಯಂಥ ಕೊಳವೆಯನ್ನು ಮುಟ್ಟಿ ನೋಡಿದೆ. ನಗು ಬಂತು. ಪಕ್ಕದ ಸೀಟಿನವರು ನನ್ನನ್ನೇ ನೋಡಿದರು.

ಪಿ.ಜಿ.ಯಲ್ಲಿ ನನ್ನ ಕೋಣೆಯವಳು ಕಾನೂನು ಓದುತ್ತಾಳೆ. ಮೂರನೇ ವರ್ಷ. ಸಂಜೆ ವಿಷಯ ಹೇಳಿದಾಗ ಪಾಪ ಅನ್ನುತ್ತಾಳೇನೋ ಎಂದುಕೊಂಡಿದ್ದೆ. ಅವಳು ಮಂಚದ ಮೇಲೆ ಎದ್ದು ಕೂತಳು.

"ಲೇ, ನಿಜವಾದ ಕೇಸೇನೇ ಇದು? ಇಷ್ಟು ದಿವ್ಸ ಬರೀ ಪುಸ್ತಕದಾಗ ಓದೀನಿ. ಅಳತೆ ಹೇಳು, ಅಳತೆ."

"ಅಲಗು ಮೂರೂಕಾಲು ಇಂಚು. ಅಗಲ ಮುಕ್ಕಾಲು ಇಂಚಿಗೆ ಒಂದ್ ಕೂದಲು ಕಡಿಮಿ."

"ನಿನ್ನಂಥಾಕಿ ಸಿಗಬೇಕು ನೋಡು ವಕೀಲರಿಗೆ" ಎಂದು ಕಾನೂನಿನ ಪುಸ್ತಕ ಎಳೆದುಕೊಂಡಳು. ಇಬ್ಬರೂ ಒಂದೇ ಮಂಚದ ಮೇಲೆ ತಲೆ ತಾಗಿಸಿ ಓದಿದೆವು. ಆಯುಧ ಕಾಯ್ದೆಯ ನಿಯಮದಲ್ಲಿ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಮಾತಿತ್ತು. ಅದರಲ್ಲೂ ಮನೆಗೆಲಸಕ್ಕೆ, ಒಕ್ಕಲುತನಕ್ಕೆ, ಕಾರ್ಖಾನೆಗೆ ಎಂದು ಮಾಡಿದವನ್ನು ಬಿಟ್ಟಿದ್ದರು. ನಾನು ಸ್ಕೇಲು ಎತ್ತಿ ಮೂರೂಕಾಲಿನ ಹತ್ತಿರ ಬೆರಳಿಟ್ಟೆ, ಒಂಬತ್ತರ ಹತ್ತಿರ ಇನ್ನೊಂದು ಬೆರಳಿಟ್ಟೆ. ನಡುವೆ ಒಂದು ಬಯಲೇ ಇತ್ತು. ಸಂತೋಷಕ್ಕೆ ಕಾಲು ನಿಲ್ಲಲಿಲ್ಲ.

"ಹಂಗಾರೆ ಮುಗೀತಲ್ಲ?"

"ಎಲ್ಲಿ ಮುಗೀತು? ಅಳತೆ ಬರೀ ಲೈಸೆನ್ಸಿಗೆ. ಹೆದರ್ಸಾಕೆ, ಹೊಡೆಯಾಕೆ ಅಂತ ಇಟ್ಕೊಂಡು ತಿರುಗಿದ್ರೆ ಕ್ರಿಕೆಟ್ ಬ್ಯಾಟೂ ಆಯುಧನೇ. ಎಲ್ಲಿ ಇಟ್ಕೊಂಡಿದ್ದಿ, ಯಾವಾಗ, ಯಾಕ, ಅಷ್ಟನ್ನೂ ಕೇಳ್ತಾರೆ. ಅದ್ರಾಗೆ ಒಳಜೇಬು ಬ್ಯಾರೆ."

"ಹೊರಗ ಇಟ್ಕೊಂಡ್ರೆ?"

"ಹೊರಗ ಇಟ್ಕೊಂಡ್ರೆ ತೋರಿಸ್ಕೊಂಡು ತಿರುಗ್ತಾಳೆ ಅಂತಾರೆ."

ಯಾಕೆ ಇಟ್ಟುಕೊಂಡಿದ್ದೆ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ದಿನಚರಿ ತೆಗೆದು ಹಿಂದಿನ ಪುಟ ತೋರಿಸಿದೆ. ಅವಳು ಪುಸ್ತಕವನ್ನು ದೀಪದ ಹತ್ತಿರ ಹಿಡಿದಳು. ಆಮೇಲೆ ಎಣಿಸತೊಡಗಿದಳು. ಚೀಲದ ಸುತಲಿ ಅರವತ್ನಾಲ್ಕು. ಹಣ್ಣು, ತರಕಾರಿ ಇಪ್ಪತ್ತೊಂದು. ಪೆನ್ಸಿಲ್ ಒಂಬತ್ತು. ಪಾರ್ಸೆಲ್ ಪೊಟ್ಟಣ ಎಂಟು. ಕಾಲಿನ ಮುಳ್ಳು ಎರಡು. ಬೇರೆಯವರಿಗೆ ಕೊಟ್ಟದ್ದು ಹನ್ನೆರಡು. ಅದರಲ್ಲಿ ನಾಲ್ಕು ಸಲ ಅವಳೇ ಇಸಿದುಕೊಂಡಿದ್ದಳು.

"ಹುಚ್ಚಿ, ಇದು ಸಾಕ್ಷಿ. ಇಂಥದ್ದು ಯಾರ ಹತ್ರ ಇರ್ತೈತೆ?" ಎಂದವಳು ಕೊನೆಯ ಸಾಲಿಗೆ ಬಂದು ನಿಂತಳು. 'ಗೊತ್ತಿಲ್ಲ' ಒಂದು. ಪಕ್ಕದ ಸಣ್ಣ ಅಕ್ಷರ ಓದಿದಳು.

"ಇದನ್ನ ತೋರಿಸಬ್ಯಾಡ."

"ಯಾಕ?"

"ಹೆದರ್ಸಾಕೆ ತಗದೀನಿ ಅಂತ ನೀನೇ ಬರ್ಕೊಟ್ಟಂಗೆ. ಒಂದ್ ಹಾಳಿ ಮ್ಯಾಲೆ ಚೆಂದಾಗಿ ನಕಲು ಮಾಡು. ಆರು ಸಾಲು ಸಾಕು. ಏಳನೇದು ಯಾರಿಗೆ ಬೇಕು?"

ಅವಳು ಹೇಳಿದ್ದು ತಪ್ಪೇನಲ್ಲ. ಮಂಗಳವಾರ ಕೆಲಸ ಮುಗಿಸಿ ಬಂದು ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಆರು ಸಾಲು ಬರೆದೆ. ಅಕ್ಷರ ಎಂದಿಗಿಂತ ದುಂಡಗೆ ಬಂತು. ಕೆಳಗೆ 'ಒಟ್ಟು' ಎಂದು ಬರೆದು ನೂರಹದಿನಾರು ಹಾಕಬೇಕು. ಪೆನ್ನು ಓಡಲಿಲ್ಲ. ಆರು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಒಂದು ಹಾಳೆ ಹರಿದಿಲ್ಲ, ಒಂದು ಲೆಕ್ಕ ಕಡಿಮೆ ಬರೆದಿಲ್ಲ. ನನ್ನ ಪುಸ್ತಕ ಯಾರೂ ಓದುವುದಿಲ್ಲ ಎಂದಾಗ ಸರಿಯಾಗಿ ಬರೆದು, ಮೊದಲ ಸಲ ಒಬ್ಬರು ಓದುತ್ತಾರೆ ಎಂದಾಗ ಒಂದು ಗೆರೆ ನುಂಗುವುದೇ? ಒಟ್ಟು ಬರೆಯದೆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ದಿನಚರಿಯನ್ನೂ ಹಾಕಿದೆ.

ಅಷ್ಟೊತ್ತಿಗೆ ಅವ್ವನ ಫೋನು. ನಾನು ಮಧ್ಯಾಹ್ನವೇ ಅಪ್ಪನಿಗೆ ಹೇಳಿದ್ದೆ.

"ಆ ಜೇಬು ಹೊಲಿದಾಕಿ ನಾನು" ಎಂದಳು ಅವ್ವ, ನನ್ನ ಹಲೋ ಮುಗಿಯುವ ಮೊದಲೇ. "ಬಚ್ಚಿಟ್ಟೀರಿ ಅಂದ್ರೆ ನನ್ನ ಹೆಸರು ಬರ್ಕೊಳ್ರಿ ಅಂತ ಹೇಳು. ನಾನು ಬರ್ಲೇನು?"

"ಬ್ಯಾಡವ್ವ."

"ಅವ್ರ ಕೈಯಾಗ ಕೊಡ್ಲಿಲ್ಲ ಅಲ್ಲ?"

"ಇಲ್ಲ. ಕೆಳಗಿಟ್ಟೆ."

"ಚಲೋ ಮಾಡ್ದಿ" ಎಂದು ಇಟ್ಟುಬಿಟ್ಟಳು. ಉಂಡ್ಯಾ ಎಂದು ಕೇಳಲೇ ಇಲ್ಲ. ಮೂರನೇ ಗೆರೆ ಅದು.

ಬುಧವಾರ ಹತ್ತು ನಲವತ್ತಕ್ಕೆ ಠಾಣೆಯಲ್ಲಿದ್ದೆ. ಹನ್ನೊಂದು ಹದಿನೈದಕ್ಕೆ ಒಳಗೆ ಕರೆದರು. ಸಬ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ಐವತ್ತು ದಾಟಿರಬೇಕು. ಕನ್ನಡಕ ಹಣೆಯ ಮೇಲಿತ್ತು. ಗೋಡೆಯ ಹತ್ತಿರ ಆ ಕಾನ್‌ಸ್ಟೆಬಲ್ ನಿಂತಿದ್ದರು. ಸಾಹೇಬರು ಹಾಳೆ ಓದಿ ನನ್ನ ಕಡೆ ನೋಡಿದರು.

"ಪೊಲೀಸ್ರನ್ನ ನೋಡಿ ಯಾಕಮ್ಮ ಎಸೆದಿ?"

"ಎಸೆದಿಲ್ಲ ಸರ್. ಚಾಕು ಕೈಗೆ ಕೊಡಬಾರದು ಅಂತ ಕೆಳಗಿಟ್ಟೆ."

"ಕೇಳಿದ ಪೊಲೀಸ್ರ ಕೈಗೆ ಕೊಡಬಾರದಾ?"

"ಯಾರ ಕೈಗೂ ಸರ್."

ಅವರು ನಂಬಿದರೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಬಾಗಿಲ ಕಡೆ ನೋಡಿ "ಮೇಡಂ, ಆ ಚಾಕು ತರ್ರಿ" ಎಂದರು. ಬಸ್ ನಿಲ್ದಾಣದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಮೇಡಂ ಪೇಪರಿನ ಪೊಟ್ಟಣ ತಂದು ಬಿಚ್ಚಿದರು. ಸಾಹೇಬರು ಕನ್ನಡಕ ಕೆಳಗಿಳಿಸುತ್ತ ಕೈ ಚಾಚಿದರು. ಮೇಡಂ ಚಾಕುವನ್ನು ಆ ಕೈಯನ್ನು ದಾಟಿಸಿ ಮೇಜಿನ ಮೇಲಿಟ್ಟು, ಹಿಂದಕ್ಕೆ ಸರಿದು ನಿಂತರು. ಸಾಹೇಬರ ಕೈ ಹಾಗೇ ಗಾಳಿಯಲ್ಲಿತ್ತು.

"ಕೈ ಚಾಚಿದ್ರೆ ಟೇಬಲ್ ಮ್ಯಾಲೆ ಇಡ್ತೀರಲ್ರಿ."

"ಚಾಕು ಅಲ್ರೀ ಸರ್" ಎಂದರು ಮೇಡಂ. "ಬೆಳಿಗ್ಗೆ ಬೆಳಿಗ್ಗೆ ನಿಮ್ ಜೊತಿಗೆ ಯಾಕ ಜಗಳ."

ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಎದ್ದದ್ದು ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಸರಿದ ಸದ್ದಿನಿಂದ. "ಸರ್, ನಾನೂ ಇದನ್ನೇ ಮಾಡಿದ್ದು. ಇದನ್ನೇ." ಎದೆ ಹೊಡೆದುಕೊಳ್ಳುತ್ತಿತ್ತು; ಅದನ್ನೊಂದೇ ನಾನು ಎಣಿಸಲಿಲ್ಲ.

ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಹಾಳೆಯನ್ನು ನೋಡಿ "ಅಯ್ಯ, ಅದಕ್ಕ ಎಸೆದ್ಲು ಅಂತ ಬರದಾನೇನು?" ಎಂದರು. ಸಾಹೇಬರು ಕಾನ್‌ಸ್ಟೆಬಲ್ ಕಡೆ ತಿರುಗಿದರು.

"ಏನಪಾ, ನಿಮ್ಮ ಮನ್ಯಾಗ ಚಾಕು ಹೆಂಗೆ ಕೊಡ್ತಾರೆ?"

ಕಾನ್‌ಸ್ಟೆಬಲ್ ಸ್ವಲ್ಪ ಹೊತ್ತು ಯೋಚಿಸಿ, "ನಾನು ಅಡುಗೆಮನೆಗೆ ಹೋಗಿಲ್ಲ ಸರ್" ಎಂದರು.

"ಅದು ಕಾಣ್ತೈತೆ" ಎಂದರು ಮೇಡಂ.

ಸಾಹೇಬರು ನಕ್ಕು, ಸ್ಕೇಲು ತರಿಸಿ ಅಳೆದರು. ನಾನು ಮೊದಲೇ ಮೂರೂಕಾಲು ಎಂದಿದ್ದೆ. ಮೂರೂಕಾಲೇ ಬಂತು. ದುಂಡು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಚಾಚಾ ಹೇಳಿದ್ದನ್ನು ನಾನು ಹೇಳಿದೆ. ಒಳಜೇಬು ಯಾಕೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ಸರ್, ಹೆಣ್ಮಕ್ಕಳ ಅಂಗಿಗೆ ಹೊರಗ ಎಲ್ಲೈತ್ರಿ ಜೇಬು" ಎಂದರು.

"ಆತು. ಈಗ ಇದೊಂದು ಹೇಳಮ್ಮ. ಇದನ್ನ ಯಾತಕ್ಕ ಇಟ್ಕೊಂಡೀದಿ?"

ಚೀಲಕ್ಕೆ ಕೈ ಹಾಕಿದೆ. ಒಂದು ಕಡೆ ಮಡಚಿದ ಬಿಳಿ ಹಾಳೆ ಬೆರಳಿಗೆ ತಾಗಿತು, ಇನ್ನೊಂದು ಕಡೆ ಪುಸ್ತಕದ ರಟ್ಟು. ಮುಕ್ಕಾಲು ಪಾಲು ಗೆದ್ದಿದ್ದೆ. ಹಾಳೆ ಕೊಟ್ಟರೆ ಶುಕ್ರವಾರದ ಕಾಗದ ಬಂದಂತೆಯೇ. ಪುಸ್ತಕ ಹೊರಗೆಳೆದು, ಹಿಂದಿನ ಪುಟ ಬಿಡಿಸಿ ಮೇಜಿನ ಮೇಲಿಟ್ಟೆ.

ಸಾಹೇಬರು ಗಟ್ಟಿಯಾಗಿಯೇ ಓದಿದರು. ಸುತಲಿ ಅರವತ್ನಾಲ್ಕು ಎಂದಾಗ ಮೇಡಂ "ಯವ್ವಾ" ಎಂದರು. ಕಾಲಿನ ಮುಳ್ಳು ಎರಡು ಎಂದಾಗ ಕಾನ್‌ಸ್ಟೆಬಲ್ ನಕ್ಕರು. ಕೊನೆಯ ಸಾಲನ್ನು ಮಾತ್ರ ಸಾಹೇಬರು ಗಟ್ಟಿಯಾಗಿ ಓದಲಿಲ್ಲ. ಎರಡು ಸಲ ಮನಸ್ಸಿನಲ್ಲೇ ಓದಿಕೊಂಡರು.

"ಇದೇನಮ್ಮ?"

ಹೇಳಿದೆ. ಬಸ್ಸು, ಸಂದು, ಮೂರು ಸಲ ಬಂದ ಕೈ, ಪೇರಲ ಹಣ್ಣು. ಹೆಚ್ಚಿಗೆ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

"ಕಂಡಕ್ಟರಿಗೆ ಹೇಳಲಿಲ್ಲ ಯಾಕ?"

"ಆಗ ತಿಳೀಲಿಲ್ಲ ಸರ್. ಚೀಲದಾಗೆ ಪೇರಲ ಇತ್ತು."

"ಮತ್ತೆ ಕೈ ತಂದಿದ್ರೆ ಏನ್ ಮಾಡ್ತಿದ್ದಿ?"

ಮೂರು ದಿನದಿಂದ ಹುಡುಕುತ್ತಿದ್ದ ಪ್ರಶ್ನೆಯ ನಡುಮಧ್ಯ ಇದೇ ಎಂದು ಆ ಕ್ಷಣ ತಿಳಿಯಿತು. ಒಂಬತ್ತು ಇಂಚಲ್ಲ, ಒಳಜೇಬಲ್ಲ, ಇದು. ಹೆದರಿಕೆಯಾಗಬೇಕಿತ್ತು. ಬದಲಿಗೆ, ಕಗ್ಗಂಟಿನ ಸುತಲಿಯಲ್ಲಿ ಎಳೆಯಬೇಕಾದ ತುದಿ ಸಿಕ್ಕಾಗ ಆಗುವಂತೆ ಮೈಯೆಲ್ಲ ಜುಮ್ಮೆಂದಿತು. ಇಲ್ಲ ಸರ್, ಏನೂ ಮಾಡುತ್ತಿರಲಿಲ್ಲ ಎನ್ನಬಹುದಿತ್ತು.

"ಗೊತ್ತಿಲ್ಲ ಸರ್" ಎಂದೆ. "ಅದಕ್ಕೇ ಆ ಸಾಲು ಬ್ಯಾರೆ ಮಾಡೀನಿ."

ಹೊರಗೆ ಯಾರೋ ಜೀಪು ಹಿಂದಕ್ಕೆ ತೆಗೆಯುತ್ತಿದ್ದರು. ಮೇಡಂ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಸರ್, ಕೆಲಸಕ್ಕೆ ಸೇರೋಕೆ ಮುಂಚೆ ಅದೇ ಬಸ್ಸಿನಾಗ ನಾನೂ ಓಡಾಡೀನಿ. ನನ್ನ ಹತ್ರ ಸೀರೆ ಪಿನ್ನು ಇರ್ತಿತ್ತು. ಲೆಕ್ಕ ಇಟ್ಟಿಲ್ಲ ಅಷ್ಟೇ."

ಸಾಹೇಬರು ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿದರು. ಕ್ಯಾಪು ತೆಗೆದಿದ್ದ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಕಾನ್‌ಸ್ಟೆಬಲ್ ಬರೆದಿದ್ದ ಸಾಲಿನ ಮೇಲೆ ಒಂದು ಗೀಟು ಎಳೆದು, ಕೆಳಗೆ ತಾವೇ ಬರೆದರು. ನಾನು ತಲೆಕೆಳಗಾಗಿ ಓದಿದೆ: 'ಕೆಲಸದ ಸಾಮಾನು. ವಿಚಾರಣೆ ಮಾಡಿ ಹಿಂತಿರುಗಿಸಿದೆ.'

"ಆಯುಧ ಅಲ್ಲ ಅಂತ ಬರೀಲಿಲ್ಲ ಸರ್" ಎಂದೆ. ಬಾಯಿ ಸುಮ್ಮನಿರಬೇಕಿತ್ತು.

"ಬರೆಯಲ್ಲ. ಆ ಸಂಜೆ ಅದು ಏನಾಗಿತ್ತು ಅಂತ ನಿನಗೇ ಗೊತ್ತಿಲ್ಲ ಅಂತೀದಿ, ನಾನು ಹೆಂಗೆ ಬರೀಲಿ? ಕೆಲಸಕ್ಕ ಹೋಗೋ ದಿನ ತಗೊಂಡ್ಹೋಗು. ತಪಾಸಣೆ ಇದ್ದಲ್ಲಿ ಅವರು ಕೇಳೋಕಿಂತ ಮೊದ್ಲೇ ಹೇಳು. ಬಸ್ಸಿನಾಗ ಹಂಗಾದ್ರೆ ಹಣ್ಣು ಕೊಯ್ಕೊಂಡು ಕೂಡಬ್ಯಾಡ, ಬಸ್ಸು ನಿಲ್ಸು, ಇಲ್ಲಿಗೆ ಬಾ." ನಂತರ ಕಾಗದಗಳ ಕಟ್ಟಿನೊಳಗೆ ಬೆರಳಾಡಿಸಿ ನನ್ನ ಪರಿಶೀಲನೆಯ ಕಾಗದ ಹೊರಗೆಳೆದರು. ಅದು ಅಲ್ಲೇ, ಚಾಕುವಿನಿಂದ ಒಂದು ಗೇಣಿನಾಚೆ ಇತ್ತು. ಸಹಿ ಹಾಕಿ, ಮೊಹರು ಒತ್ತಿ, "ಇವತ್ತಿನ ಟಪಾಲಿಗೆ" ಎಂದು ಮೇಡಂಗೆ ಕೊಟ್ಟರು. ಅದನ್ನು ಕೈಗೇ ಕೊಟ್ಟರು. ಚಾಕುವನ್ನು ಮಾತ್ರ ಮೇಜಿನ ಮೇಲೆ ನನ್ನ ಕಡೆ ಸರಿಸಿದರು. ನಾನು ಎತ್ತಿಕೊಂಡೆ.

ಗೇಟಿನ ಹತ್ತಿರ ಕಾನ್‌ಸ್ಟೆಬಲ್ ಹಿಂದಿನಿಂದ ಬಂದರು.

"ಮೇಡಂ, ಆ ಕೊಳವೆ ಇವತ್ತೂ ಬ್ಯಾಗಲ್ಲಿದೆಯಾ?"

ತೆಗೆದು ತೋರಿಸಿದೆ. ಅದರ ತುದಿಯನ್ನು ನೋಡಿದರು, ಮುಟ್ಟಿದರು, ನಂತರ ಠಾಣೆಯ ಬಾಗಿಲ ಕಡೆ ನೋಡಿದರು.

"ಸಾಹೇಬ್ರಿಗೆ ಹೇಳಬೇಡಿ" ಎಂದರು.

ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಸೀಟಿದ್ದರೂ ನಾನು ನಿಂತೇ ಹೋದೆ. ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಕೋಣೆಯವಳಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ, ಗೆದ್ದೆವೋ ಸೋತೆವೋ ಎಂದು ಅವಳಿಗೆ ತೀರ್ಮಾನಿಸಲಾಗಲಿಲ್ಲ. ನನ್ನ ಬಿಳಿ ಹಾಳೆಯ ಹಿಂಬದಿಯಲ್ಲಿ ಅವಳೀಗ ನೋಟ್ಸ್ ಬರೆದುಕೊಂಡಿದ್ದಾಳೆ.

ಫೆಬ್ರವರಿಯ ಮೊದಲ ಸೋಮವಾರ ಸರ್ಕಾರಿ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದೆ. ಸಾಮಾನು ಕೊಡುವವರು ಒಂದು ದಪ್ಪ ರಿಜಿಸ್ಟರು ತೆರೆದು ಓದಿದರು: ತೇವ ನೋಡುವ ಯಂತ್ರ ಒಂದು, ಕೊಳವೆ ಎರಡು, ಚಾಕು ಒಂದು. ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಇನ್ನೊಮ್ಮೆ ಓದಿ ಎಂದೆ. ಓದಿದರು. ಚಾಕು ಒಂದು, ಮರದ ಹಿಡಿ. ನನ್ನ ಸ್ಕೇಲಿನಿಂದ ಅಳೆದೆ. ಅಲಗು ಐದಿಂಚು, ತುದಿ ಚೂಪು. ಸಹಿ ಹಾಕಿದ ಮೇಲೆ ಅವರು ಅದನ್ನು ನನ್ನ ಅಂಗೈಗೇ ಚಾಚಿದರು.

"ಕೆಳಗಿಡ್ರಿ ಸರ್" ಎಂದೆ. "ಇಲ್ಲೇ ಕೆಲಸ ಮಾಡ್ಬೇಕು, ನಮ್ ನಮ್ಮಲ್ಲಿ ಜಗಳ ಬ್ಯಾಡ."

ಅಂದು ಸಂಜೆ ಹೊಸ ಪುಟ ಮಾಡಿದೆ. ಸುತಲಿ, ಹಣ್ಣು, ಪೆನ್ಸಿಲ್, ಪೊಟ್ಟಣ, ಮುಳ್ಳು, ಬೇರೆಯವರಿಗೆ ಎಂದು ಆರು ಸಾಲು ಬರೆದೆ. ಏಳನೆಯದನ್ನು ಬರೆಯಬೇಕೋ ಬೇಡವೋ ಎಂದು ಒಂದು ಗಳಿಗೆ ಕೂತೆ. ಬರೆದೆ. ಅದರ ಮುಂದಿನ ಜಾಗ ಇಂದಿನವರೆಗೂ ಖಾಲಿ ಇದೆ.